ಗೋಡೆಗೆ ಟೀ ಬಳಿದ ಬೇಸಿಗೆ

ಈಗಲೂ ಜೋರು ಮಳೆ ಬಂದು ನಡುಮನೆಯ ಗೋಡೆ ತೇವವಾದರೆ ಟೀ ವಾಸನೆ ಬರುತ್ತದೆ. ಬಂದವರು ಮೂಗರಳಿಸಿ, "ಟೀ ಕುದೀತಾ ಇದೆಯಾ ಆಂಟಿ?" ಎಂದು ಆಸೆಯಿಂದ ಕೇಳುತ್ತಾರೆ. ಇಲ್ಲಪ್ಪ, ಅದು ಗೋಡೆ, ಎನ್ನುತ್ತೇನೆ. ಸುಣ್ಣ ಬಳಿಸಿ ವರ್ಷವೂ ತುಂಬಿರದ ಗೋಡೆಗೆ, "ಸ್ವಲ್ಪ ಓಲ್ಡ್ ಲುಕ್ ಬೇಕು" ಎಂದು ಸಿನಿಮಾದವರು ಬಕೆಟ್ಟುಗಟ್ಟಲೆ ಕಡು ಟೀ ಕಾಯಿಸಿ ಬಳಿದು ಹೋದರು. ಆಮೇಲೆ ನಾನು ಮೇಲಿಂದ ಮೇಲೆ ಪೇಂಟ್ ಹೊಡೆಸಿದ್ದಾಯಿತು. ವಾಸನೆ ಮಾತ್ರ ಬಾಡಿಗೆ ಕೊಡದ ಬಾಡಿಗೆದಾರನ ಹಾಗೆ ಕೂತುಬಿಟ್ಟಿದೆ. ಮೊನ್ನೆ ಮುಂಗಾರು ಬಿದ್ದಾಗ ಮತ್ತೆ ಬಂತು. ಅದೇ ವಾರ ಆ ಸಿನಿಮಾ ಟೀವಿಯಲ್ಲೂ ಬಂತು. ಬೆಳಗಿನಿಂದ ಫೋನು. "ನಿಮ್ಮ ಮನೆ ಎಷ್ಟು ಚೆನ್ನಾಗಿ ಬಂದಿದೆ!" ಮನೆ ಚೆನ್ನಾಗಿಯೇ ಇತ್ತಮ್ಮ, ಅವರು ಬರುವ ಮೊದಲು ಇನ್ನೂ ಚೆನ್ನಾಗಿತ್ತು.

ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ ಬಂದವರು. ಹದಿನೈದೇ ದಿನ ಎಂದವರು ಯುಗಾದಿಯ ಹೋಳಿಗೆಯನ್ನೂ ನಮ್ಮ ಮನೆಯಲ್ಲೇ ತಿಂದರು. ಹೊನ್ನವಳ್ಳಿ ಪಕ್ಕದ ನಮ್ಮ ತೋಟದ ಮನೆಯನ್ನು ಕೊಡುತ್ತೇನೆಂದು ಒಪ್ಪಿಕೊಂಡವರು ನಮ್ಮ ಯಜಮಾನರು ನಂಜುಂಡಪ್ಪನವರು. ನನ್ನನ್ನು ಒಂದು ಮಾತು ಕೇಳಲಿಲ್ಲ.

"ಪಾಪ, ಆ ಹುಡ್ಗಿ ಬಿಸ್ಲಲ್ಲಿ ಬಂದಿತ್ತು ಕಣೇ. ಮಜ್ಜಿಗೆ ಕೊಟ್ಟೆ. ಮನೆ ಚೆಂದಾಗದೆ ಅಂತು. ಆಗ್ಲಿ ತಾಯಿ ಅಂದೆ."

"ಮಜ್ಜಿಗೆ ಕೊಟ್ಟಿದ್ರೆ ಸಾಕಾಗಿತ್ತು. ಮನೇನೂ ಕೊಡಬೇಕಿತ್ತಾ?"

ಆ ಹುಡುಗಿ ಎಂದರೆ ಡೈರೆಕ್ಟರ್ ಶ್ರಾವ್ಯ. ಕತ್ತರಿಸಿದ ಕೂದಲು, ಕಾಲಿಗೆ ಗಂಡಸರ ಷೂ, ಬಾಯಲ್ಲಿ ಸದಾ "ಆಂಟಿ, ಒಂದೇ ಒಂದು ರಿಕ್ವೆಸ್ಟ್." ಕೆಟ್ಟ ಹುಡುಗಿಯಲ್ಲ. ಆದರೆ ಅವಳ ಒಂದೇ ಒಂದು ರಿಕ್ವೆಸ್ಟ್‌ಗೆ ಕೊನೆಯೇ ಇರಲಿಲ್ಲ. ಮಿಕ್ಸಿ ಹಾಕಬೇಡಿ. ಹಸು ಕೂಗದಂತೆ ನೋಡಿಕೊಳ್ಳಿ. ಬಾವಿಕಟ್ಟೆಯ ಮೇಲಿನ ನಿಮ್ಮ ಒಗೆದ ಬಟ್ಟೆ ಫ್ರೇಮಿಗೆ ಬರುತ್ತದೆ, ಆ ಕೆಂಪು ಸೀರೆ ಮಾತ್ರ ಇರಲಿ, ಉಳಿದದ್ದು ತೆಗೀರಿ. ನಾನು ತುಮಕೂರಿನ ಕಾನ್ವೆಂಟಿನಲ್ಲಿ ನನ್‌ಗಳ ಕೈಯಲ್ಲಿ ಡಿಸಿಪ್ಲಿನ್ ಕಲಿತವಳು. ಆಮೇಲೆ ತಿಪಟೂರಿನ ಹೈಸ್ಕೂಲಿನಲ್ಲಿ ರಿಟೈರಾಗುವ ತನಕ ಇಂಗ್ಲಿಷ್ ಹೇಳಿಕೊಟ್ಟು, ಬೇರೆಯವರಿಗೆ ಡಿಸಿಪ್ಲಿನ್ ಕಲಿಸಿದವಳು. ನನ್ನ ಅಡುಗೆಮನೆಯಲ್ಲಿ ನನಗೇ ಒಬ್ಬರು "ಸೈಲೆನ್ಸ್ ಪ್ಲೀಸ್" ಎಂದದ್ದು ಅದೇ ಮೊದಲು.

ಕಥೆ ಏನೆಂದು ನನಗೆ ಗೊತ್ತಾದದ್ದು ಎರಡನೆಯ ದಿನ. ಪಕ್ಕದ ಕೋಣೆಯಲ್ಲಿ ಒಂದು ಚಿಕ್ಕ ಮಂಚ ಹಾಕಿದರು. ಗೂಟಕ್ಕೆ ಪುಟ್ಟ ಅಂಗಿಗಳನ್ನು ನೇತುಹಾಕಿದರು. ಯಾವ ಮಗು ಬರುತ್ತದೆ ಎಂದು ಕೇಳಿದೆ. "ಮಗು ಬರಲ್ಲ ಆಂಟಿ," ಎಂದಳು ಶ್ರಾವ್ಯ, "ಮಗು ಹೋಗಿರುತ್ತೆ. ಅದಾದ ಮೇಲೆ ಗಂಡ ಹೆಂಡತಿ ಹೇಗಿರ್ತಾರೆ ಅನ್ನೋದೇ ನಮ್ಮ ಫಿಲ್ಮ್."

ನಾನು ಸೀದಾ ಕೊಟ್ಟಿಗೆಗೆ ಹೋದೆ. ಯಜಮಾನರು ಹುಲ್ಲು ಹಾಕುತ್ತಿದ್ದರು.

"ನಿಮಗೆ ಈ ಕಥೆ ಮೊದಲೇ ಗೊತ್ತಿತ್ತಾ?"

"ಹೂಂ. ಹೇಳಿತ್ತು."

"ಗೊತ್ತಿದ್ದೂ ಒಪ್ಪಿದ್ರಾ?"

"ಮೋಟರ್ ಹಾಕ್ಬೇಕು, ತ್ರೀಫೇಸ್ ಬಂದಿರ್ತದೆ," ಎಂದು ಹೆಗಲಿಗೆ ಟವೆಲ್ ಹಾಕಿಕೊಂಡು ಹೊರಟೇಬಿಟ್ಟರು.

ಈ ತ್ರೀಫೇಸಿನ ವಿಷಯ ಹೇಳಲೇಬೇಕು. ನಮಗೂ ಒಬ್ಬ ಮಗನಿದ್ದ, ಮಧು. ನಾಲ್ಕು ತುಂಬಿತ್ತು. ನಲವತ್ತು ವರ್ಷದ ಮೇಲಾಯಿತು. ಆಗ ನಾನು ಮಗಳು ಗೀತಾಳನ್ನು ಹೆತ್ತು ಇನ್ನೂ ಬಾಣಂತಿ ಕೋಣೆಯಲ್ಲಿದ್ದೆ. ಮಧುವಿಗೆ ಜ್ವರ ನೆತ್ತಿಗೇರಿತೆಂದು ಬೆಳಗ್ಗೆ ಇವರು ತಿಪಟೂರಿನ ಆಸ್ಪತ್ರೆಗೆ ಎತ್ತಿಕೊಂಡು ಹೋದರು. ಸಂಜೆಗೆ ತಂದು ಮಲಗಿಸಿದರು. ನಡುವೆ ಏನಾಯಿತು ಎಂದು ನನಗೆ ಯಾರೂ ಸರಿಯಾಗಿ ಹೇಳಲಿಲ್ಲ. ಬಾಣಂತಿ ಅಳಬಾರದು, ಹಾಲು ಕೆಡುತ್ತದೆ ಎಂದು ಅತ್ತೆ ಬಾಗಿಲು ಹಾಕಿಬಿಟ್ಟರು. ಆಮೇಲೆ ನಾನು ಯಾವಾಗ ಕೇಳಿದರೂ ಇವರಿಗೆ ಕರೆಂಟು ಬಂದುಬಿಡುತ್ತಿತ್ತು. ಹಳ್ಳಿಗೇ ಕರೆಂಟಿಲ್ಲದ ದಿನವೂ ಇವರ ಮೋಟರಿಗೆ ಮಾತ್ರ ತ್ರೀಫೇಸ್! ನನಗೆ ಬೇಕಾಗಿದ್ದು ದೊಡ್ಡದೇನೂ ಅಲ್ಲ. ನನ್ನ ಮಗುವಿನ ಒಂದು ದಿನ. ನಾನು ಜೊತೆಗಿರದ ಆ ಒಂದು ದಿನ ಅವನಿಗೆ ಹೇಗೆ ಕಳೆಯಿತು ಎನ್ನುವುದು. ಅದನ್ನು ಬಲ್ಲವರು ಈ ಭೂಮಿಯ ಮೇಲೆ ಒಬ್ಬರೇ. ಅವರಿಗೂ ಎಂಬತ್ತು ಹತ್ತಿರವಾಯಿತು, ನನಗೂ ಮೊಣಕಾಲು ಕೇಳುವುದಿಲ್ಲ. ಇಬ್ಬರಲ್ಲಿ ಒಬ್ಬರು ಹೊರಟುಬಿಟ್ಟರೆ ಆ ದಿನವೂ ಹೊರಟುಹೋಗುತ್ತದೆ. ಇದೇ ನನ್ನ ತಳಮಳ.

ಇಂಥ ಮನೆಯಲ್ಲಿ ಶೂಟಿಂಗು ನಡೆಯಿತು. ಹೀರೋಯಿನ್ ದುಃಖ ತಡೆಯಲಾರದೆ ಊಟದ ತಟ್ಟೆ ಎಸೆಯಬೇಕು. ಎಸೆದಳು. ಸರಿಯಾಗಲಿಲ್ಲ ಎಂದು ಮತ್ತೆ ಎಸೆದಳು. ಇದೇ ಮನೆಯ ಇನ್ನೊಂದು ಪಾಲಿನಲ್ಲಿ ಮಗ ಸೊಸೆಯ ಜೊತೆ ಇರುವ ನನ್ನ ಓರಗಿತ್ತಿ ಗೌರಿ, ಒಂದೊಂದು ಸಲವೂ ಓಡಿ ಹೋಗಿ ತಟ್ಟೆಯ ಅಂಚು ಸವರಿ ನೋಡುತ್ತಿದ್ದಳು.

"ಅಕ್ಕೋ, ಇದು ನನ್ನ ತವರಿನ ತಟ್ಟೆ ಕಣಕ್ಕಾ! ಅನ್ನಾನೂ ಎಸೀತವ್ಳೆ, ತಟ್ಟೆನೂ ಎಸೀತವ್ಳೆ. ಇವ್ಳಿಗೆ ಮಗ ಸತ್ತಿರೋದೋ, ದೆವ್ವ ಹಿಡ್ದಿರೋದೋ?"

ನಾನೂ ತಡೆಯಲಾರದೆ ಶ್ರಾವ್ಯಳಿಗೆ ಹೇಳಿದೆ. "ನೋಡಮ್ಮ, ನಮ್ಮ ಕಡೆ ಯಾರೂ ತಟ್ಟೆ ಎಸೆಯಲ್ಲ. ಮಾರನೇ ದಿನ ಬೆಳಗ್ಗೆ ಹಾಲು ಕರೀಬೇಕಿತ್ತು, ಕರೆದೆವು. ಕಾಯಿ ಅಟ್ಟಕ್ಕೆ ಹಾಕಬೇಕಿತ್ತು, ಹಾಕಿದೆವು. ದಟ್ಸ್ ಆಲ್."

"ಆದರೆ ಆಂಟಿ, ಇಟ್ಸ್ ವಿಷುವಲ್ ಮೀಡಿಯಂ. ಒಳಗಿರೋ ಗ್ರೀಫ್ ಆಚೆ ಕಾಣಬೇಕಲ್ಲ?"

"ಕಾಣದಿದ್ರೆ ಬಿಡಲಿ. ಕಾಣಲೇಬೇಕು ಅಂತ ಯಾರು ಅಂದ್ರು?"

ಮಳೆಯದ್ದು ಇನ್ನೊಂದು ಪುರಾಣ. ಕಥೆಗೆ ಮಳೆ ಬೇಕಂತೆ. ತೋಟದ ಗುಂಡಿಯೆಲ್ಲ ಬಾಯಿಬಿಟ್ಟ ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿ, ಪೈಪು ಎತ್ತಿ, ನಮ್ಮ ಹೆಂಚಿನ ಮೇಲೆ ಮಳೆ ಸುರಿಸಿದರು. ಹಪ್ಪಳ ಒಣಗಿಹಾಕಿದ್ದ ಗೌರಿ ಎದೆ ಬಡಿದುಕೊಂಡಳು. ಒಂದು ಮಧ್ಯಾಹ್ನ ಹಂದನಕೆರೆ ದಿಕ್ಕಿನಿಂದ ಮೋಡ ಕಟ್ಟಿ ನಿಜವಾದ ಮಳೆಯೇ ಹುಯ್ಯಿತು. ನಾವು ಕೈಮುಗಿದೆವು. ಅವರು ತಲೆ ಮೇಲೆ ಕೈಹೊತ್ತು ಕೂತರು. ಅವತ್ತಿನ ಸೀನಿಗೆ ಬಿಸಿಲು ಬೇಕಿತ್ತಂತೆ, ಕಂಟಿನ್ಯೂಯಿಟಿ ಹೋಯಿತಂತೆ. ಇಂಥವರ ಜೊತೆ ವಾದ ಮಾಡುವುದು ಹೇಗೆ?

ಈ ಎಲ್ಲದರ ಮಧ್ಯೆ ಸುಖವಾಗಿದ್ದವರು ಯಜಮಾನರೊಬ್ಬರೇ. ಸಂಜೆಯಾದರೆ ಜಗಲಿಯಲ್ಲಿ ಶ್ರಾವ್ಯಳ ಜೊತೆ ಕೂತು ಮಾತು. ಹೆಂಡತಿಯ ಹತ್ತಿರ "ಹೂಂ", "ಉಹೂಂ" ಎರಡೇ ಪದದಲ್ಲಿ ಸಂಸಾರ ಮಾಡಿದ ಮನುಷ್ಯ ಆ ಹುಡುಗಿಯ ಹತ್ತಿರ ಗಂಟೆಗಟ್ಟಲೆ ಏನು ಮಾತಾಡುತ್ತಾರೆ? ಕೇಳಿದರೆ, "ಏನಿಲ್ಲ, ನುಸಿ ರೋಗದ ವಿಷ್ಯ. ಕೊಬ್ರಿ ರೇಟು," ಎನ್ನುತ್ತಿದ್ದರು. ಸಿನಿಮಾದವರಿಗೆ ಕೊಬ್ಬರಿ ರೇಟು ಕಟ್ಟಿಕೊಂಡು ಏನಾಗಬೇಕೋ ಎಂದು ನಾನೂ ಸುಮ್ಮನಾದೆ.

ಅಟ್ಟದ ಸೀನಿನ ದಿನ ಎಲ್ಲ ತಿಳಿಯಿತು. ನಮ್ಮ ಅಟ್ಟದಲ್ಲಿ ಕಾಯಿಯನ್ನು ವರ್ಷಗಟ್ಟಲೆ ಹಾಗೇ ಬಿಟ್ಟಿರುತ್ತೇವೆ. ಒಳಗೆ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಲೊಟಲೊಟ ಎನ್ನುವ ತನಕ. ಹೀರೋ ಆ ಕಾಯಿಗಳ ನಡುವೆ ಕೂತು ಹೆಂಡತಿಗೆ ಏನೋ ಹೇಳಬೇಕು. ಶ್ರಾವ್ಯ ದೊಡ್ಡ ಮರ್ಯಾದೆ ಮಾಡುವವಳ ಹಾಗೆ ಕೆಳಗಿನ ಮಾನಿಟರ್ ಮುಂದೆ ನನಗೆ ಕುರ್ಚಿ ಹಾಕಿಸಿ, ಕಿವಿಗೆ ಹೆಡ್‌ಫೋನ್ ಇಟ್ಟಳು.

ಆ ಹುಡುಗ ಮೆಲ್ಲಗೆ ಹೇಳತೊಡಗಿದ. "ಆಸ್ಪತ್ರೆಯವರು ನಾಳೆ ವ್ಯಾನ್ ಬರುತ್ತೆ ಅಂದರು. ನಾಳೆ ತನಕ ಅವನನ್ನ ಅಲ್ಲಿ ಹೇಗೆ ಬಿಡಲಿ? ಹೆಗಲ ಮೇಲೆ ಮಲಗಿಸಿಕೊಂಡು ಬಸ್ ಹತ್ತಿದೆ. ಕಂಡಕ್ಟರ್ ಬಂದ. ನಿದ್ದೆ ಮಾಡ್ತಿದಾನಾ ಅಂದ. ಹೂಂ ಅಂದೆ. ಎಬ್ಬಿಸಬೇಡಿ, ಮುಂದೆ ಕೂತ್ಕೊಳ್ಳಿ, ಅಲ್ಲಿ ಕುಲುಕಾಟ ಕಮ್ಮಿ ಅಂತ ಅವನೇ ಜಾಗ ಬದಲಾಯಿಸಿದ. ಊರು ಬರೋ ತನಕ ನಾನು ಅವನ ಬೆನ್ನು ತಟ್ತಾನೇ ಇದ್ದೆ."

ಸಿನಿಮಾದ ಹೆಂಡತಿ ಅವನ ಕೆನ್ನೆಗೆ ಬಾರಿಸಿದಳು. ಯಾರೋ ಕಟ್ ಎಂದರು. ನಾನು ಹೆಡ್‌ಫೋನ್ ತೆಗೆಯುವುದನ್ನೂ ಮರೆತು ಕೂತಿದ್ದೆ.

"ಈ ಡೈಲಾಗ್ ಯಾರು ಬರೆದಿದ್ದು ಶ್ರಾವ್ಯ?"

ಅವಳು ಮುಖ ಬೀಳಿಸಿಕೊಂಡಳು. "ಅಂಕಲ್ ಹೇಳಿದ್ದು. ನಿಮಗೆ... ನಿಮಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ ಆಂಟಿ."

ಗೊತ್ತಿರಬೇಕಿತ್ತು. ಇವರು ನನಗೆ ಹೇಳಿದ್ದ ಒಂದೇ ಒಂದು ಮಾತು ಏನು? "ಯಾರೋ ಪುಣ್ಯಾತ್ಮರು ಜೀಪಲ್ಲಿ ಕಳಿಸಿದ್ರು." ಇಷ್ಟು ವರ್ಷ ಆ ಜೀಪನ್ನು ನಾನು ಕಣ್ಣಾರೆ ಕಂಡವಳ ಹಾಗೆ ನೆನೆಸಿಕೊಂಡಿದ್ದೇನೆ. ಅದರ ಬಣ್ಣ, ಅದರ ಸೀಟು, ಕೆರೆ ಏರಿಯ ಮೇಲೆ ಅದು ಬರುತ್ತಿದ್ದ ಸದ್ದು. ಆ ಪುಣ್ಯಾತ್ಮರಿಗೆ ಮನಸ್ಸಿನಲ್ಲೇ ಎಷ್ಟು ಸಲ ಕೈಮುಗಿದಿದ್ದೇನೋ. ಜೀಪೇ ಇರಲಿಲ್ಲ! ನಿನ್ನೆ ಮೊನ್ನೆ ಬಂದ ಹುಡುಗಿಗೆ ಬಸ್ಸು, ನನಗೆ ಜೀಪು.

ತೋಟಕ್ಕೆ ಹೋಗಿ ಇವರನ್ನು ಹಿಡಿದೆ. "ಜೀಪು ಅಂದಿದ್ರಲ್ಲ?"

ಇವರು ಪಂಪ್‌ಸೆಟ್ ಮನೆಯ ಬೀಗ ತೆಗೆಯುತ್ತಾ ನನ್ನ ಮುಖ ನೋಡದೆ, "ಕರೆಂಟು..." ಎಂದರು.

"ಹಾಳಾಗಿ ಹೋಗಲಿ ನಿಮ್ಮ ಕರೆಂಟು," ಎಂದು ಹೇಳಿ ಬಂದುಬಿಟ್ಟೆ. ಮದುವೆಯಾದಾಗಿನಿಂದ ಅವರಿಗೆ ನಾನು ಅಂದ ಅತಿ ಒರಟು ಮಾತು ಅದೇ ಇರಬೇಕು. ಅಂದಿನಿಂದ ಮಾತು ಬಿಟ್ಟೆ. ಊಟ ಬಡಿಸುತ್ತಿದ್ದೆ, ಮಾತ್ರೆ ಎತ್ತಿಡುತ್ತಿದ್ದೆ, ಬಾಯಿ ಬಿಡುತ್ತಿರಲಿಲ್ಲ. ಗೌರಿ ಇಬ್ಬರ ನಡುವೆ ಟಪಾಲು. "ಅಕ್ಕ, ಭಾವ ಉಪ್ಪು ಕೇಳ್ತವ್ರೆ." "ಅಲ್ಲೇ ಇದೆ ಅನ್ನು." "ಭಾವ, ಅಲ್ಲೇ ಅದಂತೆ." ಶ್ರಾವ್ಯ ಪೆಚ್ಚುಮುಖ ಹಾಕಿಕೊಂಡು ಓಡಾಡುತ್ತಿದ್ದಳು. ಸಿನಿಮಾದ ಗಂಡ ಹೆಂಡತಿ ಮಾತ್ರ ಶಾಟ್ ಮುಗಿದ ಕೂಡಲೇ ಒಟ್ಟಿಗೆ ಎಳನೀರು ಕುಡಿಯುತ್ತಾ ನಗುತ್ತಿದ್ದರು.

ಹೀಗಿರುವಾಗ ಆ ಅನಾಹುತವಾಯಿತು.

ನಮ್ಮ ಮನೆತನದಲ್ಲಿ ಒಂದು ರೂಢಿ. ಎಳೆಮಕ್ಕಳು ಹೋದರೆ ತೋಟದಲ್ಲೇ ಮಣ್ಣು ಮಾಡಿ ಮೇಲೊಂದು ತೆಂಗಿನ ಸಸಿ ನೆಡುತ್ತಾರೆ. ಆ ಮರದ ಕಾಯಿಯನ್ನು ಮಾರುವುದಿಲ್ಲ, ಅಟ್ಟಕ್ಕೆ ಹಾಕುವುದಿಲ್ಲ, ಮನೆಯ ಸಾರಿಗೆ ತುರಿಯುವುದೂ ಇಲ್ಲ. ತಾನಾಗಿ ಬಿದ್ದದ್ದನ್ನು ಬೇಲಿಯಾಚೆ ದಾರಿಯ ಪಕ್ಕ ಇಡುತ್ತಾರೆ, ಹೋಗುವ ಬರುವವರು ಯಾರಾದರೂ ಒಯ್ಯಲಿ ಎಂದು. ಮಧುವಿನ ಮರ ಬೇಲಿಯ ಮೂಲೆಯಲ್ಲಿದೆ. ನಮ್ಮ ಆಳುಗಳಿಗೆಲ್ಲ ಗೊತ್ತು, ಯಾರೂ ಆ ಮರ ಹತ್ತುವುದಿಲ್ಲ.

ಅವತ್ತು ಯಜಮಾನರು ಹಾಲ್ಕುರಿಕೆಗೆ ಒಂದು ತಿಥಿಯೂಟಕ್ಕೆ ಹೋಗಿದ್ದರು. ಸಿನಿಮಾದವರಿಗೆ ಮರದಿಂದ ಗೊನೆ ಬೀಳುವ ಶಾಟ್ ಬೇಕಿತ್ತು. ಮರ ಹತ್ತಲು ತುರುವೇಕೆರೆ ಕಡೆಯಿಂದ ಒಬ್ಬನನ್ನು ಕರೆಸಿದ್ದರು. ಬೇಲಿ ಮೂಲೆಯಲ್ಲಿ ಲೈಟು ಚೆನ್ನಾಗಿದೆ ಎಂದು ಕ್ಯಾಮೆರಾದವನು ಕೈ ತೋರಿಸಿದ, ಇವನು ಹತ್ತಿ ಕತ್ತಿ ಆಡಿಸಿಯೇಬಿಟ್ಟ. ಧಡಧಡ ಎಂದದ್ದು ಅಡುಗೆಮನೆಗೆ ಕೇಳಿತು. ನಾನು ಮೊಣಕಾಲು ಎಳೆದುಕೊಂಡು ಓಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಿದ್ದ ಕಾಯಿಗಳನ್ನು ಸಹಾಯ ಮಾಡುತ್ತೇವೆಂದು ಯಾರೋ ಗಾಡಿಯಲ್ಲಿ ತಳ್ಳಿಕೊಂಡು ಹೋಗಿ, ಅಟ್ಟಕ್ಕೆಂದು ಅಂಗಳದಲ್ಲಿ ಹಾಕಿದ್ದ ದೊಡ್ಡ ರಾಶಿಗೆ ಸುರಿದಿದ್ದರು.

ಅದೇ ಹೊತ್ತಿಗೆ ಯಜಮಾನರು ಮೊಪೆಡ್ಡಿನಿಂದ ಇಳಿದರು. ತಲೆಯೆತ್ತಿ ಬೋಳಾದ ಮರ ನೋಡಿದರು, ರಾಶಿ ನೋಡಿದರು.

"ಯಾವನ್ಲಾ ಹತ್ತಿದ್ದು?"

ಆ ಧ್ವನಿಯನ್ನು ನಾನು ಕೇಳಿಯೇ ಇರಲಿಲ್ಲ. ಕ್ಯಾಮೆರಾದವನ ಕೈಯಲ್ಲಿದ್ದ ಲೋಟ ಕೆಳಗೆ ಬಿತ್ತು. ಮರ ಹತ್ತಿದವನು ಪಾಪ, "ನಂಗೊತ್ತಿಲ್ಲ ಬುಡಿ ಯಜಮಾನ್ರೇ, ತೋರ್ಸಿದ್ರು, ಹತ್ತಿದೆ," ಎಂದ. ಗೌರಿ ಸಮಾಧಾನ ಮಾಡಲು ಹೋದಳು. "ಓಗ್ಲಿ ಬುಡಿ ಭಾವ, ಆ ರಾಶಿನೇ ಯಾರಿಗಾದ್ರೂ ಕೊಟ್ರಾಯ್ತು." ಶ್ರಾವ್ಯ ಬಂದು, ಎಷ್ಟಾಗುತ್ತೋ ಕೊಡುತ್ತೇವೆ ಅಂಕಲ್, ಎಂದಳು. ಇವರು ತಿಥಿಗೆ ಉಟ್ಟ ಬಿಳಿ ಪಂಚೆಯಲ್ಲೇ ರಾಶಿಯ ಮುಂದೆ ಕೂತು, ಒಂದೊಂದೇ ಕಾಯಿ ಎತ್ತಿ ನೋಡತೊಡಗಿದರು.

ಪೇಟೆಯವರಿಗೆ ಕಾಯಿಯೆಲ್ಲ ಒಂದೇ. ಆದರೆ ಒಂದೊಂದು ಮರದ ಕಾಯಿಗೂ ಒಂದೊಂದು ಮುಖ. ಮಧುವಿನ ಮರದ್ದು ಸ್ವಲ್ಪ ಉದ್ದ, ಮೂತಿ ಚೂಪು, ತೊಟ್ಟಿನ ಹತ್ತಿರ ಕೆಂಚು ಬಣ್ಣ. ನಾನೂ ಎದುರಿಗೆ ಕಾಲು ಚಾಚಿ ಕೂತು ಆರಿಸತೊಡಗಿದೆ. ಮೊದಲ ಕಾಯಿ ಎತ್ತಿಟ್ಟಾಗ ಇವರು ನನ್ನ ಕೈಯನ್ನೇ ನೋಡಿದರು.

"ನಿಂಗೆ ಗೊತ್ತಾಯ್ತದಾ?"

"ಮತ್ತೆ? ಬೇಲಿಯಾಚೆ ಇಡ್ತಿದ್ದವಳು ಯಾರು ಅಂದ್ಕೊಂಡ್ರಿ?"

"ನಾನು ಇಡ್ತಿದ್ದೆ ಕಣೇ."

"ನೀವು ಬೆಳಗ್ಗೆ ಬಿದ್ದದ್ದು ಇಟ್ಟಿರಬೇಕು. ಸ್ಕೂಲಿಂದ ಬಂದು ನಾನು ನೋಡುವಾಗ ಮತ್ತೆ ಬಿದ್ದಿರುತ್ತಿತ್ತು."

ಶ್ರಾವ್ಯ ಬೆಕ್ಕಿನ ಹೆಜ್ಜೆಯಲ್ಲಿ ಬಂದಳು. ಕಣ್ಣು ತುಂಬಿತ್ತು, ಕೈ ಮಾತ್ರ ಕ್ಯಾಮೆರಾದವನಿಗೆ ಸನ್ನೆ ಮಾಡುತ್ತಿತ್ತು. "ಆಂಟಿ, ಒಂದೇ ಒಂದು ರಿಕ್ವೆಸ್ಟ್. ನೀವು ಹೀಗೇ ಕೂತಿರಿ, ನಾವು ದೂರದಿಂದ..."

"ನೋ, ಯು ಮೇ ನಾಟ್," ಎಂದೆ. ಹತ್ತನೇ ಕ್ಲಾಸಿನ ಹಿಂದಿನ ಬೆಂಚಿಗೆ ಹೇಳುತ್ತಿದ್ದ ಧ್ವನಿ ಎಲ್ಲಿತ್ತೋ, ಬಂತು. "ಎಲ್ಲರೂ ಹಿತ್ತಲಿಗೆ ಹೋಗಿ. ಗೌರಿ, ಇವರಿಗೆಲ್ಲ ಕಾಫಿ ಮಾಡಿಕೊಡು."

ಅಂಗಳ ಖಾಲಿಯಾಯಿತು. ಬಿಸಿಲು ಇಳಿಯುತ್ತಿತ್ತು. ಇಬ್ಬರ ಕೈಯೂ ಕೆಲಸದಲ್ಲಿತ್ತು.

"ನನಗೆ ಜೀಪು ಅಂತ ಯಾಕೆ ಹೇಳಿದ್ರಿ?"

ಇವರು ಒಂದು ಕಾಯಿ ತಿರುವಿ ನೋಡಿ, ಅಲ್ಲ ಎಂದು ಆಚೆ ಇಟ್ಟರು. "ನೀನು ಮತ್ತೆ ಕೆಲ್ಸಕ್ಕೆ ಹೋಗ್ಬೇಕಿತ್ತು. ಇದ್ದದ್ದು ಅದೊಂದೇ ಬಸ್ಸು. ಅದ್ರಲ್ಲೇ ಅವ್ನನ್ನ ತಂದೆ ಅಂದಿದ್ರೆ ನೀನು ಹತ್ತುತಿದ್ಯಾ?"

ಆ ಬಸ್ಸಿನಲ್ಲಿ ನಾನು ಸರ್ವಿಸ್ ಪೂರ್ತಿ ಓಡಾಡಿದ್ದೇನೆ. ಕಾಂಪೊಸಿಷನ್ ತಿದ್ದಿದ್ದೇನೆ, ಸ್ವೆಟರ್ ಹೆಣೆದಿದ್ದೇನೆ, ನಿದ್ದೆ ಮಾಡಿದ್ದೇನೆ. ಇವರು ಮಾತ್ರ ಒಂದು ದಿನವೂ ಅದನ್ನು ಹತ್ತಲಿಲ್ಲ. ಉರಿಬಿಸಿಲಲ್ಲಿ ಸೈಕಲ್ ತುಳಿದುಕೊಂಡು ತಿಪಟೂರಿಗೆ ಹೋಗುತ್ತಿದ್ದರು, ಆಮೇಲೆ ಮೊಪೆಡ್ಡು. ಜಿಪುಣ ಎಂದು ಎಷ್ಟು ಆಡಿಕೊಂಡಿದ್ದೇನೆ!

ಕರುಣೆಯಲ್ಲ, ನನಗೆ ಸಿಟ್ಟೇ ಬಂತು. "ನಿಮ್ಮನ್ನ ಯಾರು ಕೇಳಿದ್ರು ರೀ ಇಷ್ಟು ಒಳ್ಳೆಯವರಾಗೋಕೆ? ಬಸ್ಸು ಇಲ್ಲದಿದ್ರೆ ನಾನೂ ಸೈಕಲ್ ಕಲೀತಿದ್ದೆ. ಕೆಲಸ ಬಿಡ್ತಿದ್ದೆ. ಅದು ನನ್ನ ತಲೆನೋವು. ನನ್ನ ಮಗನ ಸುದ್ದಿ ನನಗೆ ಹೇಳಬೇಕಿತ್ತು."

"ಹೂಂ," ಎಂದರು. ಆಮೇಲೆ, ನನಗೆ ಆಶ್ಚರ್ಯವಾಗುವ ಹಾಗೆ, "ಹೇಳ್ಬೇಕಿತ್ತು," ಎಂದೂ ಸೇರಿಸಿದರು. "ಹೊಸಬ್ರ ಹತ್ರ ಹೇಳೋದು ಸುಲ್ಭ ಕಣೇ. ಅವ್ರು ನಾಳೆ ಹೋಯ್ತಾರೆ. ನಿನ್ ಹತ್ರ ಹೇಳಿ, ದಿನಾ ನಿನ್ ಮುಖ ನೋಡ್ಕಂಡು ಹೆಂಗಿರ್ಲಿ?"

"ಈಗ ಹೇಳಿ. ಮುಖ ನೋಡಬೇಡಿ. ಕಾಯಿ ನೋಡ್ಕೊಂಡೇ ಹೇಳಿ."

ಹೇಳಿದರು. ನಾನು ಕೇಳುತ್ತಾ ಹೋದೆ, ಅವರು ಹೇಳುತ್ತಾ ಹೋದರು. ಬೆಳಗ್ಗೆ ದಾರಿಯಲ್ಲಿ ಅವನು ಕಣ್ಣು ಬಿಟ್ಟು ಎಮ್ಮೆ ಎಣಿಸಿದ್ದು. ಆಸ್ಪತ್ರೆಯಲ್ಲಿ ನನ್ನನ್ನು ಕೇಳಿದ್ದು. ಅಮ್ಮ ಪಾಪೂಗೆ ಹಾಲು ಕೊಡ್ತವ್ಳೆ, ಬತ್ತಾಳೆ ಎಂದು ಇವರು ಹೇಳಿದ್ದಕ್ಕೆ ಸರಿ ಎಂದು ತಲೆಯಾಡಿಸಿದ್ದು. ಅಲ್ಲಿಗೆ ನನ್ನ ಕೈ ನಿಂತುಹೋಯಿತು. ಇವರು ನಿಲ್ಲಿಸಲಿಲ್ಲ. ಆರಿಸಿದ ಕಾಯಿಗಳು ನಮ್ಮಿಬ್ಬರ ನಡುವೆ ಚಿಕ್ಕ ಗುಡ್ಡೆಯಾಗಿದ್ದವು.

"ಬಸ್ಸಲ್ಲಿ ನಿಮ್ಮ ಪಕ್ಕ ಯಾರೂ ಇರಲಿಲ್ವಾ?" ಎಂದು ಕೇಳಿದೆ.

ಅವರು ಕೈಯಲ್ಲಿದ್ದ ಕಾಯಿಯನ್ನು ಗುಡ್ಡೆಯ ಮೇಲಿಟ್ಟರು.

"ಇದು ಆ ಹುಡ್ಗಿಗೂ ಹೇಳಿಲ್ಲ," ಎಂದರು. "ಒಬ್ಳು ಹೆಂಗಸು ಕೂತಿದ್ಲು. ಯಾರೋ, ಗುರ್ತಿಲ್ಲ. ಕಿಟ್ಕಿ ಗ್ಲಾಸ್ ಒಡ್ದೋಗಿತ್ತು. ಮಗೂಗೆ ಗಾಳಿ ತಗಲ್ತದಲ್ಲಪ್ಪ ಅಂತ ತನ್ ಸೆರಗು ಬಿಚ್ಚಿ ಅವ್ನ ಮೇಲೆ ಹೊದ್ಸುದ್ಲು."

"ನೀವೇನಂದ್ರಿ?"

"ಕಾಲೂ ಮುಚ್ಚವ್ವ, ಅಂದೆ."